ಗೈರುಹಾಜರಿಗೆ ಸೊನ್ನೆ

ನನ್ನ ಹೆಂಡತಿ ಗಯಾಬಾಯಿ ತೀರಿಕೊಂಡು ಐದು ತಿಂಗಳಾಗಿತ್ತು. ಬೆಳಗಿನ ಹರಿಪಾಠ ಮುಗಿಸಿ ಅವಳ ತುಳಸಿಗೆ ನೀರು ಹಾಕುತ್ತಿದ್ದೆ. ಸೋಪಾನ ಬಡೆ ಅಂಗಳಕ್ಕೆ ಬಂದು ಟೋಪಿ ಸರಿಮಾಡಿಕೊಂಡು ನಿಂತ. ಕಬ್ಬು ಕಡಿಯುವ ಹಂಗಾಮು ಮುಗಿದು, ಅವನ ಸಂಸಾರ ಕೊಲ್ಹಾಪುರದ ಕಡೆಯಿಂದ ವಾಡಿಗೆ ತಿರುಗಿ ಬಂದು ತಿಂಗಳಾಗಿತ್ತು.

"ಗುರೂಜಿ, ಮೇ ಎರಡಕ್ಕ ನನ್ನ ಮಗಳು ಊರ್ಮಿಳಾನ್ನ ನೋಡಾಕ ಗಂಡಿನ ಕಡೇವ್ರು ಬರ್ತಾರ. ನೀವೂ ಬರಬೇಕು, ಹಿರ್ಯಾರು."

"ಅದು ಇನ್ನೂ ಒಂಬತ್ತನೇ ಇಯತ್ತೆ ಕೂಸು. ಹದಿನೈದು ತುಂಬಿಲ್ಲ. ಕಾಯ್ದೆ ಐತಿ, ಗೊತ್ತೈತಿಲ್ಲೋ ನಿನಗ?"

"ಕಾಯ್ದೆ ಬಂದು ಹುಡುಗೀನ್ನ ಕಾಯ್ತೈತೇನ್ರಿ? ನಮ್ಮವ್ವ ಇದ್ದಾಗ ಆಕಿ ಕಡೆ ಬಿಟ್ಟು ಹೋಗ್ತಿದ್ವಿ. ಅವ್ವ ಹೋದ್ಲು. ಪಾಸಾಗಿದ್ರ ತಾಲೂಕಿನ ವಸತಿಗೃಹದಾಗ ಇಟ್ಕೊಳ್ತಿದ್ರು. ನಾಪಾಸ್ ಅಂತ ಕಂಪ್ಯೂಟರಿನ್ಯಾಗ ಬಂದೈತಿ ಅಂತ ಶಾಲ್ಯಾಗ ಹೇಳಿದ್ರು. ನಾಪಾಸಾದವ್ರಿಗೆ ಅಲ್ಲಿ ಜಾಗ ಇಲ್ಲ."

ಊರ್ಮಿಳೆಗೆ ಒಂದನೇ ಇಯತ್ತೆಯಲ್ಲಿ ಅಕ್ಷರ ತಿದ್ದಿಸಿದವಳು ಗಯಾಬಾಯಿ. ಅದು ನಾಪಾಸಾಗುವ ಹುಡುಗಿಯಲ್ಲ. ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ನೇರ ಶಾಲೆಗೆ ಹೋದೆ. ನಿವೃತ್ತನಾಗಿ ಒಂಬತ್ತು ವರ್ಷವಾಗಿದ್ದರೂ ಆ ಶಾಲೆಯ ಬಾಗಿಲಲ್ಲಿ ಯಾರೂ ನನ್ನನ್ನು ತಡೆಯುವುದಿಲ್ಲ.

ಕಂಪ್ಯೂಟರ್ ಕಲಿಸುವ ಪ್ರಣಾಲಿ ಖೇಡಕರ್ ಮ್ಯಾಡಮ್ ಊರ್ಮಿಳೆಯ ಹಾಳೆಯನ್ನು ಪರದೆಯ ಮೇಲೆ ತೆರೆದಳು. ಮರಾಠಿಯಲ್ಲಿ ಮೊದಲ ಚಾಚಣಿ, ಅಂದರೆ ಕಿರುಪರೀಕ್ಷೆ, ಹತ್ತಕ್ಕೆ ಏಳು. ಅರ್ಧವಾರ್ಷಿಕ ನಲವತ್ತಕ್ಕೆ ಸೊನ್ನೆ. ಎರಡನೆಯ ಚಾಚಣಿಯೂ ಸೊನ್ನೆ. ವಾರ್ಷಿಕ ನಲವತ್ತಕ್ಕೆ ಇಪ್ಪತ್ತಮೂರು. ಒಟ್ಟು ನೂರಕ್ಕೆ ಮೂವತ್ತು. ಮೂವತ್ತೈದು ಇಲ್ಲದಿದ್ದರೆ ನಾಪಾಸು.

"ಆ ಎರಡು ಪರೀಕ್ಷೆ ನಡೆದಾಗ ಆಕಿ ಕಬ್ಬಿನ ಫಡದಾಗ ಇದ್ದಳು. ಸೊನ್ನೆ ಯಾಕ ಬಂತು?"

"ಗೈರುಹಾಜರಿದ್ದವ್ರಿಗೆ ತಂತ್ರಾಂಶ ತಾನೇ ಸೊನ್ನೆ ಹಾಕ್ತೈತ್ರಿ."

"ಹಂಗ ಹಾಕು ಅಂತ ಅದಕ್ಕ ಯಾರು ಹೇಳಿದ್ರು?"

ಅವಳು ಕೀಲಿಮಣೆಯಿಂದ ಕೈ ತೆಗೆದಳು. "ನೀವ ಗುರೂಜಿ."

ಅವಳು ತಪ್ಪು ಹೇಳಲಿಲ್ಲ. ಜೂನ್ ತಿಂಗಳಲ್ಲಿ ಪರೀಕ್ಷೆಗಳನ್ನು ತಂತ್ರಾಂಶದಲ್ಲಿ ಜೋಡಿಸುವಾಗ ಅವಳು ನನ್ನ ಮನೆಗೆ ಬಂದಿದ್ದಳು. ಮೂವತ್ತು ವರ್ಷ ಪರೀಕ್ಷಾ ಪ್ರಮುಖನಾಗಿದ್ದವನು ನಾನು. ನನ್ನ ನಿಯಮಗಳ ವಹಿಯನ್ನು ಹೆಮ್ಮೆಯಿಂದ ಕೊಟ್ಟಿದ್ದೆ. ಅದು ಈಗಲೂ ಅವಳ ಮೇಜಿನ ಮೇಲಿತ್ತು. ಮೂರನೆಯ ನಿಯಮ ನನ್ನದೇ ದುಂಡಕ್ಷರದಲ್ಲಿ: ಗೈರುಹಾಜರಿಗೆ ಸೊನ್ನೆ. ಯಾವ ಚೌಕವೂ ಖಾಲಿ ಉಳಿಯಬಾರದು.

ಪ್ರತಿ ಏಪ್ರಿಲ್ ತಿಂಗಳಲ್ಲಿ ಗಯಾಬಾಯಿ ಅಂಕಗಳನ್ನು ಓದಿ ಹೇಳುತ್ತಿದ್ದಳು, ನಾನು ವಹಿಯಲ್ಲಿ ಬರೆಯುತ್ತಿದ್ದೆ. ಕಬ್ಬಿನ ಮಕ್ಕಳ ಹೆಸರು ಬಂದಾಗ ಅವಳ ಓದು ನಿಲ್ಲುತ್ತಿತ್ತು. "ಅಹೋ, ಪರೀಕ್ಷಾಕ್ಕ ಕೂಡದ ಕೂಸು ಏನು ತಪ್ಪು ಮಾಡೈತಿ ಅಂತ ಸೊನ್ನೆ ಕೊಡ್ತೀರಿ?" ಎನ್ನುತ್ತಿದ್ದಳು. ನಿಯಮ ಎಂದರೆ ನಿಯಮ, ಮುಂದೆ ಓದು ಎನ್ನುತ್ತಿದ್ದೆ. ಅವಳು ಓದುತ್ತಿದ್ದಳು. ಮೂವತ್ತು ವರ್ಷಗಳಲ್ಲಿ ಎಷ್ಟು ಹುಡುಗಿಯರ ಮುಂದೆ ಆ ಸೊನ್ನೆ ಬರೆದೆನೋ, ಪಾಂಡುರಂಗನಿಗೇ ಗೊತ್ತು.

"ಈಗ ತಿದ್ದಾಕ ಬರ್ತೈತೇನು?"

"ಗೈರುಹಾಜರಿ ಲೆಕ್ಕದಿಂದ ಬಿಡು ಅಂತ ಒಂದು ಗುರುತು ಐತ್ರಿ. ಆದ್ರ ಅಂಕ ತುಂಬೂಕಿಂತ ಮೊದಲ ಹಾಕಬೇಕಿತ್ತು. ಒಮ್ಮೆ ತುಂಬಿದ ಮ್ಯಾಲೆ ಜೋಡಣಿಗೆ ಬೀಗ ಬೀಳ್ತೈತಿ. ಇಡೀ ವರ್ಗದ ಅಂಕ ಅಳಿಸಿ, ಪರೀಕ್ಷೆ ಹೊಸದಾಗಿ ಜೋಡಿಸಿ, ಮತ್ತ ಎಲ್ಲಾ ತುಂಬಬೇಕು. ಐವತ್ನಾಲ್ಕು ಮಕ್ಕಳು, ಆರು ವಿಷಯ, ನಾಲ್ಕು ಪರೀಕ್ಷೆ."

"ಸಾವಿರದ ಇನ್ನೂರಾ ತೊಂಬತ್ತಾರು."

"ಲೆಕ್ಕದ ಮಾಸ್ತರ್ರಿಗೆ ಇದು ಭಾಳ ಲಗೂ ಬರ್ತೈತಿ," ಎಂದು ಅವಳು ನಕ್ಕಳು. "ನಾಡಿದ್ದ ಮೇ ಒಂದು, ಪರೀಕ್ಷಾದ ನಿಕಾಲ ಕೊಡೂ ದಿನ. ಇವತ್ತ ಸಂಜಿ ಐದಕ್ಕ ಪಟ್ಟಿ ಛಾಪಖಾನೆಗೆ ಹೋಗಬೇಕು."

ಮುಖ್ಯಾಧ್ಯಾಪಕ ಸಾನಪ್ ಒಪ್ಪಲಿಲ್ಲ. ಅವನು ನನ್ನ ಹಳೆಯ ವಿದ್ಯಾರ್ಥಿ.

"ಗುರೂಜಿ, ನಿಮ್ಮ ನಿಯಮ ನೀವ ಮುರೀತೀರಿ? ಹಿಂಗಾದ್ರ ಓದದ ಪೋರರೆಲ್ಲ ಪರೀಕ್ಷಾ ದಿನ ಮನ್ಯಾಗ ಮಲಗ್ತಾರ. ಅವ್ರದೂ ಲೆಕ್ಕದಿಂದ ಬಿಡೂಣೇನು?"

"ಬ್ಯಾಡ. ಎರಡು ಗುರುತು ಇಡು. ಸುಮ್ಮನ ತಪ್ಪಿಸಿಕೊಂಡವರಿಗೆ ಸೊನ್ನೆ. ಸ್ಥಳಾಂತರದ ಕಾರ್ಡು ತಂದವರಿಗೆ ಗೆರಿ. ಕಾರ್ಡಿನ್ಯಾಗ ಕಬ್ಬು ಕಡ್ಯಾಕ ಹೋದ ಊರಿನ ಮಾಸ್ತರ್ ಸಹಿ ಇರ್ತೈತಿ, ಸುಳ್ಳು ನಡೆಯೂದಿಲ್ಲ."

"ಮುಗೀಲಿಲ್ಲಂದ್ರ? ಅಳಿಸಿದ್ದು ಅಳಿಸಿ ಹೋಗಿರ್ತೈತಿ. ಐವತ್ನಾಲ್ಕು ಮನೀಯವ್ರು ನನ್ನ ಬಾಗಿಲಕ್ಕ ಬರ್ತಾರ."

"ನನ್ನ ಬಾಗಿಲಕ್ಕ ಕಳಿಸು. ತಪ್ಪು ನಂದು, ಸಾನಪ್. ಐದರೊಳಗ ಮುಗಿಸಿ ಏಳ್ತೀನಿ."

ಅವನು ಗಡಿಯಾರ ನೋಡಿ, ಕಾರ್ಡುಗಳ ಕಟ್ಟನ್ನು ತಂದು ಮೇಜಿನ ಮೇಲಿಟ್ಟ. ಹನ್ನೊಂದು ಕಾರ್ಡುಗಳಿದ್ದವು.

ಮೊದಲು ಪ್ರಣಾಲಿ ಹೊಸ ಜೋಡಣೆ ಮಾಡಿ, ಒಬ್ಬ ಸುಳ್ಳು ವಿದ್ಯಾರ್ಥಿಯನ್ನು ಸೇರಿಸಿ ಲೆಕ್ಕ ಸರಿಬರುತ್ತದೆಯೇ ನೋಡಿದಳು. ಬಂತು. ಆಮೇಲೆ ವರ್ಗದ ಅಂಕಗಳನ್ನೆಲ್ಲ ಅಳಿಸಿದಳು. ಪರದೆ ಬೋಳಾಯಿತು. ಹತ್ತು ಗಂಟೆ ಹೊಡೆದಿತ್ತು. ವಿಠಲಾ ಎಂದು ಕನ್ನಡಕ ಏರಿಸಿ, ಕಾಗದದ ಅಂಕವಹಿಯಿಂದ ಓದತೊಡಗಿದೆ. ಗಯಾಬಾಯಿ ಮಾಡುತ್ತಿದ್ದ ಕೆಲಸ ಈಗ ನನ್ನದಾಗಿತ್ತು.

"ಗುರೂಜಿ, ಹರಿಪಾಠದಂಗ ರಾಗ ತಗೀಬ್ಯಾಡ್ರಿ. ನಿದ್ದಿ ಬರ್ತೈತಿ."

"ನೀ ನಿದ್ದಿ ಮಾಡಿದ್ರ ನಾ ಅಭಂಗ ಹಾಡ್ತೀನಿ. ಅದು ಇನ್ನೂ ಕೆಟ್ಟ."

ಮಧ್ಯಾಹ್ನ ಅವಳ ಡಬ್ಬಿಯ ಭಾಕರಿಯನ್ನು ಹಸಿಮೆಣಸಿನಕಾಯಿಯ ಠೇಚಾ ಹಚ್ಚಿಕೊಂಡು, ಓದುವುದನ್ನು ನಿಲ್ಲಿಸದೆ ತಿಂದೆವು. ನನ್ನ ಗಂಟಲು ಕಟ್ಟಿತ್ತು. ಅವಳ ಬೆರಳುಗಳು ಜೋಮು ಹಿಡಿದಿದ್ದವು. ಮೂರರ ಹೊತ್ತಿಗೆ ಗಣಿತದಲ್ಲಿ ಒಬ್ಬ ಹುಡುಗನ ಎರಡನೆಯ ಚಾಚಣಿಗೆ ಸೊನ್ನೆ ಓದಿದೆ. ಅವಳಿಗೆ ಅಷ್ಟರಲ್ಲಿ ಗೆರೆ ಹಾಕುವ ರೂಢಿಯಾಗಿತ್ತು.

"ಇವಂಗೂ ಗೆರಿ ಹಾಕ್ಲೇನ್ರಿ? ಪಾಪ."

"ಬ್ಯಾಡವ್ವಾ. ಇವ ಕೂತಿದ್ದ. ಕೂತು ತಗೊಂಡ ಸೊನ್ನೆ ಅವಂದ."

ಐದಕ್ಕೆ ಹನ್ನೆರಡು ನಿಮಿಷ ಉಳಿದಾಗ ಕೊನೆಯ ಅಂಕ ಬಿತ್ತು. ಸಾನಪ್ ಬಂದು ನನ್ನ ಕುರ್ಚಿಯ ಹಿಂದೆ ನಿಂತ. ಹನ್ನೊಂದು ಮಕ್ಕಳಲ್ಲಿ ಒಂಬತ್ತು ಪಾಸಾದವು. ಇಬ್ಬರು, ತಾವು ಬರೆದ ಪರೀಕ್ಷೆಗಳಲ್ಲೇ ಅಂಕ ಸಾಲದೆ, ಹಿಂದೆ ಉಳಿದರು. ಅದಕ್ಕೆ ನಾನು ಏನೂ ಮಾಡುವಂತಿರಲಿಲ್ಲ. ಊರ್ಮಿಳೆಗೆ ಮರಾಠಿಯಲ್ಲಿ ಐವತ್ತಕ್ಕೆ ಮೂವತ್ತು, ಅಂದರೆ ನೂರಕ್ಕೆ ಅರವತ್ತು. ಗಣಿತದಲ್ಲಿ ನಾಲ್ಕು ಮತ್ತು ಹದಿನಾಲ್ಕು, ಐವತ್ತಕ್ಕೆ ಹದಿನೆಂಟು. ನಾನು ಮನಸ್ಸಿನಲ್ಲೇ ಗುಣಿಸಿ ಮುಗಿಸುವುದರೊಳಗೆ ಪರದೆ ಮೂವತ್ತಾರು ಎಂದು ತೋರಿಸಿತು.

"ಅಂಚಿನ ಮ್ಯಾಲೆ ದಾಟ್ಯಾಳ," ಎಂದ ಸಾನಪ್.

"ಯಾರ ಕೈನೂ ಹಿಡೀದಂಗ ದಾಟ್ಯಾಳ," ಎಂದೆ.

ಮೇ ಒಂದರಂದು ಮಹಾರಾಷ್ಟ್ರ ದಿನದ ಧ್ವಜವಂದನೆಯ ಬಳಿಕ ನಿಕಾಲದ ಅಂಕಪಟ್ಟಿ ಹಂಚಿದರು. ಊರ್ಮಿಳಾ ಪಟ್ಟಿಯನ್ನು ಅಪ್ಪನ ಕೈಗೆ ಕೊಟ್ಟಳು. ಸೋಪಾನನಿಗೆ ಅಕ್ಷರ ಬಾರದು, ಅಂಕಿಗಳು ಬರುತ್ತವೆ. ಅವನು ಒಂದೊಂದೇ ಸಾಲಿನ ಮೇಲೆ ಬೆರಳು ಎಳೆಯುತ್ತ ಹೋದ.

"ನಡುವ ಇವು ಏನು, ಎರಡೆರಡು ಗೆರಿ?"

"ಆವಾಗ ನಾ ನಿಮ್ಮ ಜೋಡಿ ಕಬ್ಬಿನ ಮೋಳಿಗಿ ಕಟ್ಟಾಕತ್ತಿದ್ನೆಲ್ಲ, ಬಾಬಾ."

ಅವನು ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ. ಬಳಿಕ ನನ್ನ ಕಡೆ ತಿರುಗಿದ. "ವಸತಿಗೃಹದ ಅರ್ಜಿ ಎಲ್ಲಿ ಸಿಗ್ತೈತ್ರಿ, ಗುರೂಜಿ?"

ಅದು ನನ್ನ ಅಂಗಿಯ ಜೇಬಿನಲ್ಲಿತ್ತು. ತೆಗೆದು ಕೊಡಲು ಕೈ ಮುಂದೆ ಮಾಡಿದೆ. ಆದರೆ ಅದನ್ನು ಬಿಡಲಿಲ್ಲ.

"ನಾಳೆ ಬರೂವ್ರಿಗೆ ಏನು ಹೇಳ್ತಿ?"

"ಸಂಜಿಗೆ ಫೋನ್ ಮಾಡ್ತೀನಿ."

"ಈಗ ಮಾಡು."

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಮಗಳನ್ನು ನೋಡಿದ. ಆಮೇಲೆ ಬೇವಿನ ಮರದ ನೆರಳಿಗೆ ಹೋಗಿ ಫೋನನ್ನು ಕಿವಿಗೆ ಹಚ್ಚಿದ. ಅವನು ಮಾತು ಮುಗಿಸಿ ಬರುವವರೆಗೆ ನಾನು ಅರ್ಜಿ ಹಿಡಿದುಕೊಂಡು ಬಿಸಿಲಿನಲ್ಲೇ ನಿಂತಿದ್ದೆ.