ಕೆಳಗಿನ ಡಬ್ಬಿ

ಮಕ್ಕಳು ನನ್ನನ್ನು ಬೆನ್ನ ಹಿಂದೆ ಪಟಾಕಿ ಟೀಚರ್ ಅಂತ ಕರೆಯುತ್ತಾರೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ. ಮೂವತ್ತೊಂದು ವರ್ಷದಿಂದ ಇದೇ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪಾಠ ಹೇಳುತ್ತಿದ್ದೇನೆ. ಯಾವ ಬೆಂಚಿನ ಕೆಳಗೆ ಯಾರು ಚೂಯಿಂಗ್ ಗಮ್ ಅಂಟಿಸಿದ್ದಾರೆ ಅನ್ನುವುದೂ ನನಗೆ ಗೊತ್ತು, ಇದು ಗೊತ್ತಾಗದೆ ಇರುತ್ತದೆಯೇ? ಕೋಪ ಮೂಗಿನ ತುದಿಯಲ್ಲೇ ಇದೆ, ಒಪ್ಪಿಕೊಂಡೆ. ಆದರೆ ಈಗ ಹೇಳಹೊರಟ ತಪ್ಪು ಕೋಪದಿಂದ ಆದದ್ದಲ್ಲ. ಎಲ್ಲವೂ ನನಗೇ ಮೊದಲು ತಿಳಿಯುತ್ತದೆ ಅನ್ನುವ ಜಂಬದಿಂದ ಆದದ್ದು.

ನಮ್ಮದು ಕನ್ಯಾಸ್ತ್ರೀಯರು ನಡೆಸುವ ಪ್ರಾಥಮಿಕ ಶಾಲೆ. ಚರ್ಚಿನ ಗೋಡೆಗೆ ಅಂಟಿಕೊಂಡೇ ಇದೆ. ಬೆಳಿಗ್ಗೆ ನಾನೂರು ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತು ಪ್ರಾರ್ಥನೆ ಮಾಡಿದ ಮೇಲೆಯೇ ಪಾಠ. ಯಾರಿಗಾದರೂ ತಮ್ಮವರಿಗಾಗಿ ಎಲ್ಲರೂ ಪ್ರಾರ್ಥಿಸಲಿ ಅನಿಸಿದರೆ ಒಂದು ಚೀಟಿ ಬರೆದು ವರಾಂಡದ ಡಬ್ಬಿಗೆ ಹಾಕುತ್ತಾರೆ. ಮರುದಿನ ನಾನು ಅದನ್ನು ಮೈಕಿನಲ್ಲಿ ಓದುತ್ತೇನೆ, ಮಕ್ಕಳೆಲ್ಲ ಸೇರಿ ಪ್ರಾರ್ಥಿಸುತ್ತಾರೆ. ವರ್ಷವಿಡೀ ಇರುವುದು ಒಂದೇ ಡಬ್ಬಿ, ಕಾಯಿಲೆಯವರಿಗೆ, ಕಷ್ಟದಲ್ಲಿರುವವರಿಗೆ. ನವೆಂಬರಿನಲ್ಲಿ ಮಾತ್ರ ಇನ್ನೊಂದು ಬರುತ್ತದೆ, ನೇರಳೆ ಕಾಗದ ಅಂಟಿಸಿದ್ದು. ಆ ತಿಂಗಳು ನಮ್ಮಲ್ಲಿ ಸತ್ತವರನ್ನು ನೆನೆಯುವ ತಿಂಗಳು. ಮಕ್ಕಳು ತೀರಿಹೋದ ತಾತಂದಿರ ಹೆಸರು ಬರೆಯುತ್ತಾರೆ, ಅಜ್ಜಿಯರ ಹೆಸರು ಬರೆಯುತ್ತಾರೆ. ಹೋದ ವರ್ಷ ಒಬ್ಬ ತನ್ನ ಆಮೆಯ ಹೆಸರು ಬರೆದಿದ್ದ. ಅದನ್ನೂ ಓದಿದೆ.

ಒಂದನೇ ತರಗತಿಯವರು ಕಾಯಿಲೆಯವರ ಡಬ್ಬಿಗೆ ಬಿಸ್ಕತ್ತಿನ ಕಾಗದ ತುರುಕುತ್ತಾರೆ ಅಂತ ಸಿಟ್ಟು ಬಂದು, ಈ ವರ್ಷ ಅದನ್ನು ಎತ್ತಿ ಕಿಟಕಿಯ ಮೇಲಿನ ಅಂಚಿನಲ್ಲಿ ಇಟ್ಟಿದ್ದೆ. ನೇರಳೆ ಡಬ್ಬಿ ಕೆಳಗೆ, ಸ್ಟೂಲಿನ ಮೇಲೆ. ಹೀಗೆ ಇಟ್ಟವಳು ನಾನೇ, ಬೇರೆ ಯಾರೂ ಅಲ್ಲ.

ಆ ಸೋಮವಾರ ನೇರಳೆ ಡಬ್ಬಿಯ ಚೀಟಿಗಳನ್ನು ಬಿಡಿಸುತ್ತಿದ್ದಾಗ ಒಂದರಲ್ಲಿ ದಪ್ಪ ಪೆನ್ಸಿಲಿನ ಅಕ್ಷರ ಕಂಡಿತು. ‘ನಮ್ಮಮ್ಮ’. ಕೆಳಗೆ ಎರಡನೇ ತರಗತಿಯ ಒಂದು ಹುಡುಗಿಯ ಹೆಸರು. ಆಕೆಯನ್ನು ಎಲ್ಲರೂ ಬಟಾಣಿ ಅಂತಲೇ ಕರೆಯುವುದು, ಅಷ್ಟು ಚಿಕ್ಕವಳು. ಬಟಾಣಿಯ ಅಪ್ಪ ಬಸ್ ಡ್ರೈವರು. ಅಮ್ಮ ಟೈಲರು, ನಮ್ಮ ಶಾಲೆಯ ಅರ್ಧ ಮಕ್ಕಳ ಯೂನಿಫಾರ್ಮು ಹೊಲಿದವಳು. ಹೊಟ್ಟೆಯಲ್ಲಿ ಗೆಡ್ಡೆಯಾಗಿ ಎರಡು ವಾರದಿಂದ ಆಸ್ಪತ್ರೆಯಲ್ಲಿದ್ದಾಳೆ ಅನ್ನುವುದು ನನಗೆ ತಿಳಿದಿತ್ತು. ಚೀಟಿ ನೋಡಿದ ತಕ್ಷಣ, ಅಯ್ಯೋ, ಹೋಗಿಯೇ ಬಿಟ್ಟಳಲ್ಲ ಅನ್ನಿಸಿತು. ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಮೈಕಿನ ಮುಂದೆ ಹೋಗಿ, ಧ್ವನಿಯನ್ನು ಎಷ್ಟು ಮೃದು ಮಾಡಲು ಬರುತ್ತದೋ ಅಷ್ಟು ಮೃದು ಮಾಡಿ, ನಮ್ಮ ಪುಟ್ಟ ಬಟಾಣಿಯ ತಾಯಿ ದೇವರ ಪಾದ ಸೇರಿದ್ದಾರೆ ಅಂದೆ. ಒಂದು ನಿಮಿಷ ಮೌನ ಆಚರಿಸಿದೆವು. ಆಮೇಲೆ ನಾನೂರು ಮಕ್ಕಳು ಒಂದೇ ದನಿಯಲ್ಲಿ, ಅವರಿಗೆ ನಿತ್ಯ ಶಾಂತಿ ಕೊಡು ಅಂತ ದೇವರನ್ನು ಬೇಡಿದರು. ಅವರಲ್ಲಿ ಇನ್ನೂರು ಮಂದಿ ಅವಳೇ ಹೊಲಿದ ಅಂಗಿ ತೊಟ್ಟಿದ್ದರು.

ಆಮೆನ್ ಅಂದು ಕಣ್ಣು ತೆರೆದರೆ, ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಪಕ್ಕದಲ್ಲಿ ನಿಂತು ಎರಡೂ ಕೈ ಆಡಿಸುತ್ತಿದ್ದರು.

“ಬದುಕಿದಾರೆ ಟೀಚರ್! ಈಗ ತಾನೇ ಅವರ ಯಜಮಾನರ ಹತ್ರ ಫೋನಲ್ಲಿ ಮಾತಾಡಿದೀನಿ. ಶುಕ್ರವಾರ ಆಪರೇಷನ್ನು.”

ಎರಡನೇ ತರಗತಿಯ ಸಾಲಿನ ಮುಂದೆ ಬಟಾಣಿ ನಿಂತಿದ್ದಳು. ಅಳುತ್ತಿರಲಿಲ್ಲ. ಮುಗಿದ ಕೈ ಹಾಗೆಯೇ ಇತ್ತು. ನಾನು ಮೈಕಿನಲ್ಲಿ ಏನೋ ತೊದಲಿದೆ, ಚೀಟಿ ಅದಲು ಬದಲಾಗಿದೆ, ಅವರು ಕ್ಷೇಮವಾಗಿದ್ದಾರೆ, ಎಲ್ಲರೂ ಕ್ಲಾಸಿಗೆ ನಡೆಯಿರಿ ಅಂದೆ. ತಪ್ಪು ನನ್ನದು ಅನ್ನುವ ಮಾತು ಮಾತ್ರ ಬಾಯಿಂದ ಹೊರಡಲಿಲ್ಲ.

ಮಧ್ಯಾಹ್ನ ಊಟದ ಕೋಣೆಯಲ್ಲಿ ಬಟಾಣಿಯ ಪಕ್ಕ ಹೋಗಿ ಕೂತೆ. ಅವಳು ಊಟದ ಡಬ್ಬಿಯ ಮುಚ್ಚಳವನ್ನೇ ತೆಗೆದಿರಲಿಲ್ಲ.

“ಟೀಚರ್, ಮಾಡಿದ ಪ್ರಾರ್ಥನೆ ವಾಪಸ್ ತಗೋಬಹುದಾ?”

“ವಾಪಸ್ ಯಾಕೆ ಮರಿ? ದೇವರಿಗೆ ಎಲ್ಲಾ ಗೊತ್ತಿರುತ್ತೆ. ನಿಮ್ಮಮ್ಮ ಆಸ್ಪತ್ರೇಲಿ ಇದಾರೆ ಅಂತಾನೂ ಗೊತ್ತು.”

“ಎಲ್ಲಾ ಗೊತ್ತಿದ್ರೆ ಚೀಟಿ ಯಾಕೆ ಬರೀಬೇಕು?”

ಮೂವತ್ತೊಂದು ವರ್ಷದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಬಿಷಪ್ಪರು ಬಂದಾಗಲೂ ಕೇಳಿರಲಿಲ್ಲ.

“ಎಲ್ಲರೂ ಸೇರಿ ಕೇಳಿದ್ರೆ ದೇವರು ಇಲ್ಲ ಅನ್ನಲ್ಲ ಅಂತ ನೀವೇ ಹೇಳಿದ್ರಿ,” ಅಂದಳು. “ನಾನೂರು ಜನ ಕೇಳಿದ್ವಿ. ನಾನೂ ಕೇಳ್ಬಿಟ್ಟೆ ಟೀಚರ್. ಬಾಯಿಪಾಠ ಆಗಿತ್ತಲ್ಲ, ಅದೇ ಬಂದ್ಬಿಡ್ತು.”

ಎಲ್ಲ ತರಗತಿಗೂ ಪ್ರಾರ್ಥನೆ ಕಲಿಸುವುದು ನಾನು. ಆ ಪ್ರಾರ್ಥನೆಯನ್ನು ಎರಡನೇ ತರಗತಿಗೆ ಬಾಯಿಪಾಠ ಮಾಡಿಸಿದವಳೂ ನಾನೇ. ತಪ್ಪಿದವರನ್ನು ನಿಲ್ಲಿಸಿ ನಿಲ್ಲಿಸಿ ಹೇಳಿಸಿದ್ದೆ.

“ಕೆಳಗಿನ ಡಬ್ಬಿಗೆ ಯಾಕೆ ಹಾಕ್ದೆ ಪುಟ್ಟಿ?”

“ಮೇಲಿಂದು ಕೈಗೆ ಸಿಗಲಿಲ್ಲ. ಎರಡೂ ದೇವರಿಗೇ ಹೋಗುತ್ತೆ ಅಂದ್ಕೊಂಡೆ.”

ಬುಧವಾರ ಅವಳಪ್ಪ ಶಾಲೆಗೆ ಬಂದ. ಡ್ಯೂಟಿಯ ಮಧ್ಯೆ ಬಂದವನು, ಯೂನಿಫಾರ್ಮಿನಲ್ಲೇ ಇದ್ದ. ಸಿಸ್ಟರ ಕೋಣೆಯಲ್ಲಿ ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಆಸ್ಪತ್ರೆಗೆ ಬರಲ್ಲ ಅಂತಾಳೆ ಸಿಸ್ಟರ್. ಮೊನ್ನೆಯಿಂದ ಒಂದೇ ಹಟ. ಎತ್ತಿಕೊಂಡು ಹೋಗೋಕೆ ನೋಡಿದ್ರೆ ಬಾಗಿಲು ಹಿಡ್ಕೊಂಡು ಕಿರುಚ್ತಾಳೆ. ಇವಳಮ್ಮ ಸಾಯಂಕಾಲ ಆದ್ರೆ ಸಾಕು, ಬಾಗಿಲ ಕಡೆ ನೋಡ್ಕೊಂಡು ಕೂತಿರ್ತಾಳೆ. ಮಗಳಿಗೆ ನೆಗಡಿ ಅಂತ ಸುಳ್ಳು ಹೇಳಿದೀನಿ. ನಾಡಿದ್ದು ಆಪರೇಷನ್ನು. ಡಾಕ್ಟರು ದೊಡ್ಡದು ಅಂದಿದಾರೆ. ಮಗಳ ಮುಖ ನೋಡದೆ ಒಳಗೆ ಹೋಗ್ಬಿಟ್ರೆ…” ಅಲ್ಲಿಗೆ ಮಾತು ನಿಲ್ಲಿಸಿ ಕೈಯಲ್ಲಿದ್ದ ಟೋಪಿಯನ್ನು ಮಡಚತೊಡಗಿದ. ಯಾಕೆ ಹಟ ಮಾಡುತ್ತಿದ್ದಾಳೆ ಅಂತ ಅವನಿಗೆ ತಿಳಿದಿರಲಿಲ್ಲ. ಸಿಸ್ಟರೇ ಹೇಳಿದರು. ಅವನು ನನ್ನ ಕಡೆ ನೋಡಿದ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅವನು ಹೋದ ಮೇಲೆ ನಾನು ಸಿಸ್ಟರ ಮೇಲೆ ಹಾರಾಡಿದೆ. ಈಗಿನ ಮಕ್ಕಳಿಗೆ ನಂಬಿಕೆ ಅಂದರೇನು ಅಂತಲೇ ತಿಳಿಯುವುದಿಲ್ಲ ಅಂತೆಲ್ಲ ಏನೇನೋ ಅಂದೆ. ಸಿಸ್ಟರಿಗೆ ನನಗಿಂತ ಹತ್ತು ವರ್ಷ ಕಡಿಮೆ ವಯಸ್ಸು, ನನಗಿಂತ ನೂರು ಪಾಲು ತಾಳ್ಮೆ. ಕನ್ನಡಕ ಒರೆಸಿಕೊಳ್ಳುತ್ತಾ ಹೇಳಿದರು.

“ಅವಳಿಗೆ ನಂಬಿಕೆ ಇಲ್ಲ ಅಂತಲ್ಲ ಟೀಚರ್. ನೀವು ಹೇಳಿದ್ದನ್ನ ಪೂರ್ತಿ ನಂಬಿದಾಳೆ. ಅದಕ್ಕೇ ಹೆದರಿದಾಳೆ. ನಾವಿಬ್ರೂ ಅಷ್ಟು ನಂಬ್ತೀವಾ?”



ಗುರುವಾರ ಬೆಳಿಗ್ಗೆ ಮೈಕಿನ ಮುಂದೆ ನಿಂತೆ. ಚೀಟಿ ಯಾವುದೂ ಕೈಯಲ್ಲಿರಲಿಲ್ಲ. ಸೋಮವಾರ ನಾನು ಒಂದು ದೊಡ್ಡ ತಪ್ಪು ಮಾಡಿದೆ ಅಂದೆ. ಮೇಲಿನ ಡಬ್ಬಿಯನ್ನು ಮಕ್ಕಳ ಕೈಗೆಟುಕದ ಹಾಗೆ ಇಟ್ಟವಳು ನಾನು, ಯಾರನ್ನೂ ವಿಚಾರಿಸದೆ ಓದಿದವಳೂ ನಾನು, ಬಟಾಣಿಯದು ಒಂದು ಚೂರೂ ತಪ್ಪಿಲ್ಲ, ಅವಳಲ್ಲಿ ಕ್ಷಮೆ ಕೇಳುತ್ತೇನೆ ಅಂದೆ. ಪಟಾಕಿ ಟೀಚರ್ ತಪ್ಪು ಒಪ್ಪಿಕೊಂಡದ್ದನ್ನು ಅದುವರೆಗೆ ನೋಡಿದವರು ಅಲ್ಲಿ ಯಾರೂ ಇರಲಿಲ್ಲ. ಒಂದನೇ ತರಗತಿಯ ಸಾಲಿನಿಂದ ಒಂದು ಸಣ್ಣ ದನಿ ಬಂತು.

“ಈಗ ಟೀಚರ್‌ನೂ ಹೊರಗಡೆ ನಿಲ್ಸ್ತಾರಾ?”

ಹಿಂದಿನ ಸಾಲಿನ ದೊಡ್ಡ ಮಕ್ಕಳು ನಕ್ಕರು, ನಾನೂ ನಗಲು ನೋಡಿದೆ. ಬಟಾಣಿ ನಗಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ನನ್ನ ಹತ್ತಿರ ಬಂದು, ನನ್ನನ್ನೇ ಸಮಾಧಾನ ಮಾಡುವವಳ ಹಾಗೆ, “ಪರವಾಗಿಲ್ಲ ಟೀಚರ್. ಆದ್ರೆ ಡಬ್ಬಿಗೆ ಹಾಕಿದ್ದು ನಾನೇ ಅಲ್ವಾ?” ಅಂದಳು.

ಅಂತೂ ಗೋಗರೆದು ಗೋಗರೆದು, ವಾರ್ಡಿನ ಬಾಗಿಲವರೆಗೆ ಮಾತ್ರ ಬರುತ್ತೇನೆ, ಒಳಗೆ ಬರುವುದಿಲ್ಲ ಅನ್ನುವ ಮಾತಿನ ಮೇಲೆ ಅವಳನ್ನು ಒಪ್ಪಿಸಿದೆ. ಶಾಲೆ ಬಿಟ್ಟ ಮೇಲೆ ಇಬ್ಬರೂ ನಡೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅವಳು ನನ್ನ ಕಿರುಬೆರಳನ್ನು ಮಾತ್ರ ಹಿಡಿದಿದ್ದಳು. ನನಗೋ ಒಳಗೊಳಗೇ ಪುಕಪುಕ. ಆ ತಾಯಿಗೆ ಏನು ಅಂತ ಹೇಳುವುದು? ಅಮ್ಮ, ನೀವು ಸತ್ತಿದ್ದೀರಿ ಅಂತ ನಾನು ಮೈಕಿನಲ್ಲಿ ಸಾರಿದೆ ಅನ್ನಬೇಕೇ?

ವಾರ್ಡಿನಲ್ಲಿ ಆರು ಹಾಸಿಗೆಗಳಿದ್ದವು. ಬಟಾಣಿಯ ಅಮ್ಮನದು ಕಿಟಕಿಯ ಪಕ್ಕದ್ದು. ಕೈಗೆ ಸೂಜಿ ಚುಚ್ಚಿ ನಳಿಗೆ ಹಾಕಿದ್ದರು. ಹದಿನೈದು ದಿನದಲ್ಲಿ ಅರ್ಧವಾಗಿದ್ದಳು. ಬಾಗಿಲಲ್ಲಿ ಮಗಳನ್ನು ಕಂಡದ್ದೇ ಎದ್ದು ಕೂರಲು ಹೋದಳು. ಸ್ಟೂಲಿನ ಮೇಲೆ ಕೂತಿದ್ದ ಗಂಡ ಎದ್ದು ದಿಂಬು ಸರಿಮಾಡಿದ.

“ಬಾರೆ ಬಟಾಣಿ. ನೆಗಡಿ ಹೋಯ್ತಾ?”

ಬಟಾಣಿ ಬಾಗಿಲ ಚೌಕಟ್ಟಿಗೆ ಬೆನ್ನು ಒತ್ತಿ ನಿಂತಳು. ಒಂದು ಹೆಜ್ಜೆಯನ್ನೂ ಒಳಗಿಡಲಿಲ್ಲ. ಇನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. ಹಾಸಿಗೆಯ ಹತ್ತಿರ ಹೋಗಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಡಬ್ಬಿ, ಚೀಟಿ, ಒಂದು ನಿಮಿಷದ ಮೌನ, ಏನನ್ನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯೂ ಆಯಿತು.

ಅವಳು ನನ್ನನ್ನೇ ಪಿಳಿಪಿಳಿ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯೋ, ನಗಿಸಬೇಡಿ ಟೀಚರ್, ನೋಯುತ್ತೆ,” ಅಂದಳು. “ನನಗೆ ಒಂದು ನಿಮಿಷ ಸುಮ್ನೆ ನಿಂತ್ರಾ ನಾನೂರು ಮಕ್ಕಳು? ಅಳತೆ ತಗೋಳೋವಾಗ ಅರ್ಧ ನಿಮಿಷ ನಿಲ್ಲಲ್ವಲ್ಲ, ಆ ಕೋತಿಗಳು!”

ನಗು ಬಹಳ ಹೊತ್ತು ಉಳಿಯಲಿಲ್ಲ. ಮಗಳನ್ನು ನೋಡಿದಳು. ಅಲ್ಲಿಂದಲೇ ಬಟಾಣಿ ಹೇಳಿದಳು.

“ನಾನೇ ಅಮ್ಮ ಹಾಕಿದ್ದು. ನಾನು ಮುಟ್ಟಿದ್ರೆ ನಿಂಗೆ ಏನಾದ್ರೂ ಆಗುತ್ತೆ.”

ಅದೊಂದೂ ಇಲ್ಲ, ಹುಚ್ಚಿ, ಬಾ ಅಂತ ತಾಯಿ ಅನ್ನುತ್ತಾಳೆ ಅಂದುಕೊಂಡೆ. ನಾನು ನಾಲ್ಕು ದಿನದಿಂದ ಹೇಳುತ್ತಿದ್ದದ್ದೂ ಅದನ್ನೇ. ಅವಳು ಹಾಗನ್ನಲಿಲ್ಲ. ಸಣ್ಣ ದನಿಯಲ್ಲಿ ಹೇಳಿದಳು.

“ನಂಗೆ ಭಯ ಆಗ್ತಿದೆ ಕಣೆ.”

ಗಂಡ ತಲೆ ತಗ್ಗಿಸಿದ. ಈ ಮಾತನ್ನು ಅವನೂ ಮೊದಲ ಸಲ ಕೇಳುತ್ತಿದ್ದ ಅಂತ ಕಾಣುತ್ತದೆ.

“ನಾಳೇದು ನೆನೆಸಿಕೊಂಡ್ರೆ ಕೈ ನಡುಗುತ್ತೆ. ನಿಮ್ಮಪ್ಪನ ಹತ್ರ ಹೇಳೋಕೆ ಹೋದ್ರೆ ಜೋಕು ಮಾಡ್ತಾರೆ. ನಾನು ಯಾವತ್ತೂ ದೇವರು ದಿಂಡಿರು ಅಂತ ಹೋದವಳಲ್ಲ, ಏನು ಹೇಳಬೇಕು ಅಂತಾನೂ ಗೊತ್ತಿಲ್ಲ. ನಿಂಗೆ ಬರುತ್ತಲ್ಲ. ನಂಗೊಂದು ಹೇಳಿಕೊಡ್ತೀಯಾ?”

ಬಟಾಣಿಯ ಬೆನ್ನು ಚೌಕಟ್ಟಿನಿಂದ ಸ್ವಲ್ಪ ಸರಿಯಿತು.

“ತಪ್ಪು ಹೇಳ್ಬಿಟ್ರೆ?”

“ತಪ್ಪೋ ಸರೀನೋ ನಂಗೇನು ಗೊತ್ತಾಗುತ್ತೆ?”

“ದೇವರಿಗೆ ಗೊತ್ತಾಗುತ್ತೆ.”

“ಹಾಗಾದ್ರೆ ಇಬ್ರೂ ಸೇರಿ ಹೇಳೋಣ. ಬೈದ್ರೆ ಇಬ್ರಿಗೂ ಬೈತಾನೆ.”

ಬಟಾಣಿ ಇದನ್ನು ತೂಗಿ ನೋಡಿದಳು. ಆಮೇಲೆ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬಂದಳು. ಹಾಸಿಗೆ ಎತ್ತರವಿತ್ತು. ನಾನು ಎತ್ತಿ ಕೂರಿಸಲು ಹೋದರೆ ಬೇಡವೆಂದು ಸ್ಟೂಲು ಎಳೆದುಕೊಂಡು ತಾನೇ ಹತ್ತಿದಳು. ನಳಿಗೆಗೆ ತಗಲದ ಹಾಗೆ ಕೂತು, ಅಮ್ಮನ ಕೈಗಳನ್ನು ಮುಟ್ಟದೆ ಅವುಗಳ ಹತ್ತಿರ ತನ್ನ ಕೈ ಹಿಡಿದು ತೋರಿಸಿದಳು.

“ಹೀಗೆ ಮುಗೀಬೇಕು. ಬೆರಳು ನೇರ. ಕಣ್ಣು ಮುಚ್ಚು. ಒಂದು ಕಣ್ಣಲ್ಲ ಅಮ್ಮ, ಎರಡೂ.”

ಅಮ್ಮನ ಬೆರಳುಗಳು ನೇರ ನಿಲ್ಲಲಿಲ್ಲ. ನಿಜವಾಗಿಯೂ ನಡುಗುತ್ತಿದ್ದವು. ಬಟಾಣಿ ಅವುಗಳನ್ನು ನೋಡುತ್ತಾ ಕೂತಳು. ಆಮೇಲೆ ತನ್ನೆರಡು ಪುಟ್ಟ ಅಂಗೈಗಳಿಂದ ಅವನ್ನು ಹೊರಗಿನಿಂದ ಒತ್ತಿ ಹಿಡಿದಳು.

ನಾನು ಕಲಿಸಿದ ಯಾವುದಾದರೂ ಒಂದು ಬರುತ್ತದೆ ಅಂದುಕೊಂಡೆ. ರೋಗಿಗಳಿಗೆ ಅಂತಲೇ ಒಂದಿದೆ, ಚೆನ್ನಾಗಿದೆ, ಅವಳಿಗೆ ತಪ್ಪಿಲ್ಲದೆ ಬರುತ್ತದೆ. ಅವಳು ಅದನ್ನು ಹೇಳಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ದೂರದವರನ್ನು ಕೂಗಿ ಕರೆಯುವ ಹಾಗೆ, ಇಡೀ ವಾರ್ಡಿಗೆ ಕೇಳುವಷ್ಟು ಜೋರಾಗಿ ಹೇಳಿದಳು.

“ದೇವರೇ, ಇವಳೇ ನಮ್ಮಮ್ಮ. ಬದುಕಿದಾಳೆ. ಸರಿಯಾಗಿ ನೋಡು.”

ತಾಯಿ ಅದನ್ನೇ ತಿರುಗಿ ಹೇಳಬೇಕಿತ್ತು. “ದೇವರೇ,” ಅಂದಳು. ಮುಂದಕ್ಕೆ ಆಗಲಿಲ್ಲ.

ಆಮೆನ್ ಅನ್ನುವುದು ನನ್ನ ಕೆಲಸ. ಮೂವತ್ತೊಂದು ವರ್ಷದಿಂದ ಮೈಕಿಲ್ಲದೆಯೂ ಅಂಗಳದ ಆ ತುದಿಗೆ ಕೇಳುವ ಹಾಗೆ ಅಂದವಳು. ಅವತ್ತು ಅದನ್ನು ಅನ್ನಲು ಬರಲಿಲ್ಲ. ಬಸ್ ಡ್ರೈವರು ಗೋಡೆಯ ಕಡೆ ತಿರುಗಿ ನಿಂತಿದ್ದ. ಕೊನೆಗೆ ಪಕ್ಕದ ಹಾಸಿಗೆಯಲ್ಲಿದ್ದ ಯಾರೋ ಅಜ್ಜಿ, ಹೊದಿಕೆಯೊಳಗಿಂದಲೇ, ನಮ್ಮೆಲ್ಲರ ಪರವಾಗಿ ಆಮೆನ್ ಅಂದರು.