ಗಿಡಗಳಿಗೆ ಕೊಟ್ಟ ಜಾಗ

“ಲೇ ಕತ್ತೆ, ಬೀರು ಗೋಡೆಗೆ ತಾಗ್ತಿದೆ ಕಣೋ! ಕಣ್ಣು ಮನೇಲಿಟ್ಟು ಬಂದಿದ್ದೀಯಾ?” ಎಂದು ಸಾಹುಕಾರ ಗದರಿದ.

ನಾಲ್ಕನೆಯ ಮಹಡಿಯಿಂದ ಬೀರು ಇಳಿಸುತ್ತಿದ್ದ ಮೋಟ ತುಟಿ ಕಚ್ಚಿಕೊಂಡ. ಆರಡಿ ಆಳಿಗೆ ಮೋಟ ಎಂದು ಹೆಸರಿಟ್ಟ ಪುಣ್ಯಾತ್ಮರು ಜೊತೆಯ ಹಮಾಲರೇ. ಲಿಫ್ಟೇನೋ ಇತ್ತು. ಬೆವರು ನಾರುತ್ತದೆಂದು ಇವರನ್ನು ಅದರೊಳಗೆ ಬಿಟ್ಟಿರಲಿಲ್ಲ.

ಸಾಹುಕಾರ ಊರು ಬಿಡುತ್ತಿದ್ದ. ಹೆಂಡತಿಗೆ ಉಬ್ಬಸ, ಇಲ್ಲಿಯ ಗಾಳಿ ಆಗಿಬರುವುದಿಲ್ಲ ಎಂದಿದ್ದರು ಡಾಕ್ಟರು. ಆ ಗಾಳಿಗೆ ಧೂಳು ಬೆರೆಸಿದ್ದು ಇವನದೇ ಕಾಂಕ್ರೀಟು ಕಲಸುವ ಕಾರ್ಖಾನೆ. ಊರು ಒಂದೇ ಸಮನೆ ಕಟ್ಟಡ ಹೆರುತ್ತಿತ್ತು, ಕಾರ್ಖಾನೆಗೆ ಬಿಡುವೆಂಬುದೇ ಇರಲಿಲ್ಲ. ಅದರ ಹಿಂಗೋಡೆಗೆ ಆತುಕೊಂಡೇ, ಸಾಹುಕಾರನದೇ ಜಾಗದಲ್ಲಿ, ಮೋಟನ ಕೋಣೆ. ಅನ್ನದ ಪಾತ್ರೆಯ ಮುಚ್ಚಳ ತೆಗೆದರೆ ಸಾಕು, ಮೇಲೆ ಬೂದಿಯಂಥ ಸಿಮೆಂಟು ಕೂರುತ್ತಿತ್ತು. ಮಲಗಿದರೆ ಎದೆ ಕಟ್ಟುತ್ತದೆಂದು ಅವನ ಪುಟ್ಟ ಮಗಳು ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಅವಳಿಗೂ ಡಾಕ್ಟರು ಅದನ್ನೇ ಹೇಳಿದ್ದರು, ಊರು ಬಿಡಿಸಿ ಎಂದು.

ಸಾಹುಕಾರನ ದಾರಿಯಲ್ಲೇ ಮೋಟನ ನಾದಿನಿಯ ಮನೆ. ಲಾರಿಯಲ್ಲಿ ಹೆಂಡತಿ, ಮಗಳಿಗೆ ಜಾಗ ಕೊಟ್ಟರೆ ತನಗೆ ಕೂಲಿ ಬೇಡ ಎಂದು ಮೋಟ ಅಂಗಲಾಚಿದ್ದ. “ಆಯ್ತು ಬಿಡೋ” ಎಂದಿದ್ದ ಸಾಹುಕಾರ.

ಮಧ್ಯಾಹ್ನದ ಹೊತ್ತಿಗೆ ಲಾರಿ ತುಂಬಿತು. ಹಿಂದೆ ಇಬ್ಬರು ಕೂರುವಷ್ಟು ಸಂದು ಬಿಟ್ಟು, ಮೋಟ ತನ್ನ ಹಗ್ಗ ಎಸೆದು ಬಿಗಿದ. ಹೆಂಡತಿ ಬಟ್ಟೆಯ ಗಂಟು ಹಿಡಿದು, ಮಗಳನ್ನು ಸೊಂಟಕ್ಕೇರಿಸಿಕೊಂಡು ಗೇಟಿನ ಬಳಿ ಕಾದಿದ್ದಳು. ಮಗುವಿನ ಎದೆಯ ಸುಯ್‌ಸುಯ್ ಮೋಟನಿಗೆ ಅಲ್ಲಿಗೇ ಕೇಳಿಸುತ್ತಿತ್ತು.

“ರೀ, ನನ್ ಗಿಡಗಳು!” ಮೇಲಿನಿಂದ ಸಾಹುಕಾರನ ಹೆಂಡತಿ ಕೂಗಿದಳು. ಬಾಲ್ಕನಿ ತುಂಬ ಕುಂಡಗಳು.

“ಆ ಸಂದೀಲಿ ಜೋಡಿಸ್ರೋ,” ಎಂದ ಸಾಹುಕಾರ.

“ಅದು ನಮ್ಮೋರಿಗೆ ಅಂದಿದ್ರಲ್ಲ ಸ್ವಾಮಿ?”

“ಗಿಡ ಇಲ್ಲಿದ್ರೆ ಧೂಳಿಗೆ ಸತ್ತೋಗ್ತವೆ ಕಣೋ. ನಿಮ್ಮೋರು ಬಸ್ಸಲ್ಲಿ ಹೋಗ್ಲಿ.”

“ಬಸ್ಸಿಗೆ ಕಾಸೆಲ್ಲಿ? ಕೂಲೀನೂ ಬೇಡ ಅಂದಿದ್ದೆ. ಮಗೀಗೆ ಉಸ್ರು ಹತ್ತಲ್ಲ ಸ್ವಾಮಿ, ಕಾಲಿಗೆ ಬೀಳ್ತೀನಿ.”

“ನನ್ ತಲೆ ತಿನ್ಬೇಡ. ಸೂಳೆಮಕ್ಳು, ಎಲ್ಲೆಲ್ಲಿಂದ್ಲೋ ಬಂದು ತುಂಬ್ಕೊಂಡು ಊರು ಹಾಳು ಮಾಡಿದ್ರಿ!”

ಮೋಟ ಬಗ್ಗಿದವನು ನೆಟ್ಟಗಾದ.

“ನಾನೆಲ್ಲಿಂದ ಬಂದ್ನೋ? ಇಲ್ಲೇ ಹುಟ್ಟಿದ್ದು. ನಿನ್ ಕಾರ್ಖಾನೆ ಇರೋ ಜಾಗ್ದಲ್ಲಿ ನಮ್ಮವ್ವ ಸೊಪ್ಪು ಬೆಳೀತಿದ್ಲು!”

“ಏನಂದೆ?”

ಮೋಟ ಲಾರಿ ಹತ್ತಿ ಹಗ್ಗದ ಗಂಟು ಬಿಚ್ಚತೊಡಗಿದ. ಮೇಲಿಟ್ಟ ಕುರ್ಚಿಗಳು ಜಾರಿ ದಬದಬನೆ ರಸ್ತೆಗೆ ಬಿದ್ದವು.

“ಏಯ್, ಹಗ್ಗ ಇಲ್ದೆ ಲಾರಿ ಹೆಂಗೋ ಹೊರಡುತ್ತೆ?”

“ಹೊರಡಲ್ಲ. ಹಗ್ಗ ನಂದು.”

“ಬರ್ರೋ, ಯಾರಾದ್ರೂ ಕಟ್ರೋ!” ಸಾಹುಕಾರ ಉಳಿದ ಹಮಾಲರತ್ತ ಕಿರುಚಿದ. ಒಬ್ಬ ಕುಂಡ ಕೆಳಗಿಟ್ಟು ಕೂತ. ಇನ್ನೊಬ್ಬ ಬೀಡಿ ಹಚ್ಚಿದ. ಯಾರೂ ಏಳಲಿಲ್ಲ.

“ಏನ್ ಮಾಡ್ಬಿಟ್ರಿ?” ಮೋಟನ ಹೆಂಡತಿ ಗೇಟಿನಿಂದ ಓಡಿ ಬಂದಳು. “ಇನ್ನು ಆ ಕೋಣೇಲೂ ಇರಗೊಡಲ್ಲ. ಎಲ್ಲಿಗ್ ಹೋಗೋದು?”

ಮೋಟ ಮಗಳನ್ನು ಎತ್ತಿಕೊಂಡು ಲಾರಿಯ ಮುಂಚಕ್ರಕ್ಕೆ ಅಡ್ಡ ಕೂತ.

“ನೀನೂ ಇಲ್ಲೇ ಇರು ಸಾಹುಕಾರ,” ಎಂದ, “ನಮ್ ಜೊತೆ ಉಸಿರಾಡು.”

ಕಾರ್ಖಾನೆಯ ಗಾಡಿಯೊಂದು ಧೂಳೆಬ್ಬಿಸುತ್ತ ಹಾದುಹೋಯಿತು. ಮಗಳು ಕೆಮ್ಮಿದಳು. ಬಾಲ್ಕನಿಯಲ್ಲಿ ಸಾಹುಕಾರನ ಹೆಂಡತಿಯೂ ಕೆಮ್ಮತೊಡಗಿದಳು.