ಕೆಂಪು ಚುಕ್ಕಿ ಬಿದ್ದ ಹೊಲಿಗೆ ಪುಸ್ತಕ

ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂದಾಗ ಗ್ರಂಥಪಾಲಕಿಗೆ ಖುಷಿಯೇ ಆಗಿತ್ತು. ಧೂಳು ಹಿಡಿದ ಕಾರ್ಡುಗಳ ಕಾಟ ತಪ್ಪಿತಲ್ಲ ಎಂದು ಒಳಗೊಳಗೇ ಹಿಗ್ಗಿದ್ದಳು. ಮೈ ಉರಿಯತೊಡಗಿದ್ದು ಕೆಂಪು ಚುಕ್ಕಿ ಶುರುವಾದ ಮೇಲೆ. ಬಹಳ ಕಾಲ ಯಾರೂ ಮನೆಗೆ ಒಯ್ಯದ ಪುಸ್ತಕದ ಹೆಸರಿನ ಮುಂದೆ ಹೊಸ ಸಾಫ್ಟ್‌ವೇರ್ ತಾನಾಗಿಯೇ ಒಂದು ಚುಕ್ಕಿ ಇಡುತ್ತಿತ್ತು. ಚುಕ್ಕಿ ಬಿತ್ತೋ, ಆ ಪುಸ್ತಕ ಸತ್ತ ಹಾಗೆ. ಕಪಾಟಿನಿಂದ ತೆಗೆದು ರದ್ದಿಗೆ ಹಾಕಬೇಕು.

ಒಂದು ಬೆಳಿಗ್ಗೆ ನೋಡುತ್ತಾಳೆ, ಚುಕ್ಕಿ ಹೊಲಿಗೆ ಪುಸ್ತಕದ ಮೇಲೆಯೇ ಬಿದ್ದಿದೆ!

ಅದನ್ನು ಮನೆಗೆ ಯಾರೂ ಒಯ್ಯದೇ ಇದ್ದದ್ದು ನಿಜ. ಒಯ್ಯುವಂತೆಯೇ ಇರಲಿಲ್ಲ. ಅದರೊಳಗೆ ಮಡಚಿಟ್ಟ ದೊಡ್ಡ ದೊಡ್ಡ ಹಾಳೆಗಳಿದ್ದವು. ಒಂದನ್ನು ಬಿಚ್ಚಿದರೆ ಮೇಜು ತುಂಬುತ್ತಿತ್ತು. ಹಾಳೆಯ ಮೇಲೆ ಕೋಟು, ಅಂಗಿಗಳ ಗೆರೆಗಳು ಬಟ್ಟೆ ಕತ್ತರಿಸುವ ಅಳತೆಯಲ್ಲೇ ಅಚ್ಚಾಗಿದ್ದವು. ಅದೂ ಎಂಥವರಿಗೆ? ಒಂದು ಭುಜ ಇಳಿದವರಿಗೆ, ಬೆನ್ನು ಬಾಗಿದವರಿಗೆ, ಅಂಗಡಿಯ ಸಿದ್ಧ ಉಡುಪು ಯಾವತ್ತೂ ಸರಿಹೋಗದವರಿಗೆ. ಹಾಳೆ ಹರಿದೀತೆಂದು ಅಲ್ಲೇ ಕೂತು ನೋಡಬೇಕೆಂಬ ಕಟ್ಟುನಿಟ್ಟು.

ಅದನ್ನು ನೋಡಲು ಟೈಲರಕ್ಕ ಬರುತ್ತಿದ್ದಳು. ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಅವಳು ಬಾಗಿಲಲ್ಲಿ ಕಂಡರೆ ಸಾಕು, ಕಿಟಕಿ ಪಕ್ಕದ ಉದ್ದ ಮೇಜಿನವರು ತಾವಾಗಿಯೇ ಪತ್ರಿಕೆ ಮಡಚಿಕೊಂಡು ಎದ್ದು ಜಾಗ ಕೊಡುತ್ತಿದ್ದರು. ಅವಳು ಹಾಳೆ ಹರಡಿ, ಮೇಲೆ ತೆಳ್ಳನೆಯ ಕಾಗದ ಹಾಸಿ, ಪೆನ್ಸಿಲಿನಲ್ಲಿ ಗೆರೆ ತೆಗೆದುಕೊಳ್ಳುವಳು. ಅವಳ ತಂಗಿಯ ಮಗಳಿಗೆ ಒಂದು ಭುಜ ಹುಟ್ಟಿದಾಗಿನಿಂದ ಇಳಿದಿತ್ತು. ಆ ಹುಡುಗಿ ಬೆಳೆದಂತೆಲ್ಲ ದೊಡ್ಡಮ್ಮ ಅದೇ ಪುಸ್ತಕದ ಮುಂದಿನ ಅಳತೆಯ ಹಾಳೆಗೆ ಹೋಗುತ್ತಿದ್ದಳು. ಈಗ ಉಳಿದದ್ದು ಕೊನೆಯ ಹಾಳೆ.

ಗ್ರಂಥಪಾಲಕಿ ಕೇಂದ್ರ ಕಚೇರಿಯ ಸಾಹೇಬರಿಗೆ ಫೋನ್ ಮಾಡಿದಳು.

"ಸಾರ್, ಅದನ್ನ ಜನ ಇಲ್ಲೇ ಕೂತು ನೋಡ್ತಾರೆ."

"ಇಲ್ಲಿ ನೋಡಿದ್ದು ಸಿಸ್ಟಮ್‌ಗೆ ಹೇಗಮ್ಮ ಗೊತ್ತಾಗುತ್ತೆ?"

"ನಂಗೆ ಗೊತ್ತಲ್ಲ ಸಾರ್!"

"ನಿಮಗೆ ಗೊತ್ತಾದ್ರೆ ಏನು ಬಂತು? ಸಿಸ್ಟಮ್‌ಗೆ ಗೊತ್ತಾಗ್ಬೇಕು."

ಫೋನ್ ಇಟ್ಟವಳು ಹಲ್ಲು ಕಚ್ಚಿಕೊಂಡು ಕೂತಳು. ಗೋಡೆಗಾದರೂ ಹೇಳಿಕೊಳ್ಳಬಹುದು, ಈ ಮನುಷ್ಯನಿಗೆ ಹೇಳಿ ಪ್ರಯೋಜನವಿಲ್ಲ. ಆಮೇಲೆ ಅವಳಿಗೊಂದು ಉಪಾಯ ಹೊಳೆಯಿತು. ಸಿಸ್ಟಮ್‌ಗೆ ತಾನೇ ಗೊತ್ತಾಗಬೇಕು? ಆಗಲಿ. ಪುಸ್ತಕವನ್ನು ಮನೆಗೆ ಕೊಡುವ ಪಟ್ಟಿಗೆ ಸೇರಿಸಿ, ಸಂಜೆ ಬಾಗಿಲು ಹಾಕುವ ಮೊದಲು ತನ್ನದೇ ಹೆಸರಿಗೆ ಪಡೆದಳು. ಬೆಳಿಗ್ಗೆ ಬಂದು ವಾಪಸು ಹಾಕಿದಳು. ಪುಸ್ತಕ ಕಪಾಟಿನಿಂದ ಅಲುಗಾಡಲೇ ಇಲ್ಲ. ಕೆಂಪು ಚುಕ್ಕಿ ಮಾತ್ರ ಹಸಿರಾಯಿತು. ಮತ್ತೆ ಕೆಂಪಾದೀತೆಂಬ ಹೆದರಿಕೆಗೆ ಅವಳು ದಿನವೂ ಅದನ್ನೇ ಮಾಡಿದಳು.

ಒಂದೇ ಎಡವಟ್ಟು. ಅವಳ ಖಾತೆಗೆ ಗಂಡನ ಮೊಬೈಲ್ ನಂಬರ್ ಇತ್ತು. ಸಂಜೆಯಾದರೆ ಅವನ ಫೋನಿಗೆ ಸಂದೇಶ.

"ಅಂಗಿಗೆ ಗುಂಡಿ ಹಾಕಿಕೊಡು ಅಂದ್ರೆ ತಿಂಗಳುಗಟ್ಟಲೆ ಸತಾಯಿಸ್ತೀಯ. ದಿನಾ ಹೊಲಿಗೆ ಪುಸ್ತಕ ತಗೊಂಡು ಏನ್ ಮಾಡ್ತಿದೀಯೆ?" ಎಂದು ಅವನು ನಕ್ಕ.

ಕೆಲವು ತಿಂಗಳು ಕಳೆದವು. ಒಂದು ಮಧ್ಯಾಹ್ನ ಸಾಹೇಬರೇ ನಗುತ್ತಾ ಬಂದರು.

"ಏನಮ್ಮಾ, ನಿಮ್ಮ ಶಾಖೇಲಿ ಒಂದು ಪುಸ್ತಕಕ್ಕೆ ಸಿಕ್ಕಾಪಟ್ಟೆ ಬೇಡಿಕೆ! ದಿನಾ ಹೋಗಿ ಬರ್ತಿದೆ. ಬೇಡಿಕೆ ಇರೋದನ್ನ ಮೊದಲು ಡಿಜಿಟಲ್ ಮಾಡ್ಬೇಕು ಅಂತ ಆದೇಶ. ಕೊಡಿ ಅದನ್ನ."

ನಿಜ ಹೇಳಿದರೆ ಪುಸ್ತಕ ರದ್ದಿಗೆ. ಸುಮ್ಮನಿದ್ದರೆ ಸ್ಕ್ಯಾನಿಂಗಿಗೆ. ಸ್ಕ್ಯಾನ್ ಮಾಡಿದರೆ ಏನು ಸವೆದುಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

"ಮತ್ತೆ ವಾಪಸ್ ಬರುತ್ತಲ್ಲ ಸಾರ್?"

"ಬರದೆ ಏನು!"

ಬಂತು. ಪುಸ್ತಕವಲ್ಲ, ಒಂದು ಟ್ಯಾಬ್. ಪುಸ್ತಕ ಎಲ್ಲಿ ಎಂದು ಫೋನಿನಲ್ಲಿ ಕೇಳಿದರೆ, ಪುಸ್ತಕದ ಬೆನ್ನು ಕತ್ತರಿಸಿ ಹಾಳೆ ಬಿಡಿಸದೆ ಸ್ಕ್ಯಾನ್ ಆಗುವುದಿಲ್ಲವಂತೆ. ದೊಡ್ಡ ಹಾಳೆಗಳು ಯಂತ್ರದೊಳಗೆ ಹೋಗುವುದಿಲ್ಲವೆಂದು ಅವನ್ನೂ ತುಂಡು ಮಾಡಿದರಂತೆ. ಕೆಲಸ ಮುಗಿದ ಮೇಲೆ ತುಂಡುಗಳನ್ನು ಇಟ್ಟುಕೊಂಡು ಏನು ಮಾಡುವುದು, ರದ್ದಿಗೆ ಹಾಕಿಬಿಟ್ಟರಂತೆ. "ಈಗ ಎಲ್ಲಿ ಬೇಕಾದ್ರೂ ನೋಡಬಹುದಮ್ಮ" ಎಂದರು ಸಾಹೇಬರು. ಅವಳಿಗೆ ಅಲ್ಲೇ ಕಿರುಚಬೇಕೆನಿಸಿತು. ಕಿರುಚಲಿಲ್ಲ. "ಸರಿ ಸಾರ್" ಎಂದಳು, ಆ 'ಸರಿ'ಗೆ ತನ್ನನ್ನೇ ಬೈದುಕೊಂಡಳು.

ಮರುದಿನವೇ ಟೈಲರಕ್ಕ ಬಂದಳು. ಮೇಜಿನವರು ಎಂದಿನಂತೆ ಎದ್ದು ಜಾಗ ಬಿಟ್ಟರು. ಅಷ್ಟುದ್ದದ ಮೇಜಿನ ನಡುವೆ ಗ್ರಂಥಪಾಲಕಿ ಟ್ಯಾಬ್ ತಂದಿಟ್ಟಳು. ಟೈಲರಕ್ಕ ಅದನ್ನೊಮ್ಮೆ, ಇವಳನ್ನೊಮ್ಮೆ ನೋಡಿ, ಅಭ್ಯಾಸಬಲದಿಂದ ತೆಳ್ಳನೆಯ ಕಾಗದವನ್ನು ಅದರ ಮೇಲೆ ಹಾಸಿ ಅಂಗೈ ಊರಿದಳು. ಚಿತ್ರ ಸರ್ರನೆ ಸರಿದು ಹೋಯಿತು. ಮತ್ತೆ ತಂದಳು. ಬೆರಳು ತಾಗಿದ್ದೇ ತಡ, ಹಿಗ್ಗಿತು. ಸರಿಮಾಡಲು ಹೋದರೆ ಕುಗ್ಗಿತು.

"ಇದು ಕೈ ಇಟ್ರೆ ಓಡಿಹೋಗುತ್ತಲ್ಲ ಮೇಡಂ! ಇದರಲ್ಲಿ ಯಾವ ಅಳತೆ ನಂಬ್ಲಿ?"

ಪ್ರಿಂಟ್ ತೆಗೆದು ನೋಡಿದರು. ಅಂಗೈಯಗಲದ ಕೋಟು ಬಂತು. ಗೊಂಬೆಗೆ ತೊಡಿಸಬಹುದಿತ್ತು.

"ನಮ್ಮ ಪುಸ್ತಕ ಎಲ್ಲಿ?"

"ಕತ್ತರಿಸಿಬಿಟ್ರು ಅಕ್ಕ. ದಿನಾ ಮನೆಗೆ ಹೋಗ್ತಿದ್ದ ಪುಸ್ತಕ, ಬೇಡಿಕೆ ಜಾಸ್ತಿ ಅಂತ ತಗೊಂಡು ಹೋದ್ರು."

"ದಿನಾ ಮನೆಗಾ? ನಾನು ಬಂದಾಗೆಲ್ಲ ಇಲ್ಲೇ ಇರ್ತಿತ್ತು! ಯಾರು ಒಯ್ತಿದ್ದೋರು?"

"ನಾನೇ ಅಕ್ಕ. ರದ್ದಿಗೆ ಹಾಕ್ತಾರೆ ಅಂತ, ಉಳಿಸೋಣ ಅಂತ..."

ಟೈಲರಕ್ಕ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಟ್ಯಾಬ್ ಮೇಲಿನ ಖಾಲಿ ಕಾಗದವನ್ನು ತೆಗೆದು ನಿಧಾನವಾಗಿ ಸುತ್ತಿದಳು. ಕಾಗದ ಸರಿದ ಜಾಗದಲ್ಲಿ, 'ಈ ಪುಸ್ತಕ ನಿಮಗೆ ಉಪಯೋಗವಾಯಿತೇ?' ಎಂದು ಪರದೆ ಕೇಳುತ್ತಿತ್ತು.

"ತಂಗಿ ಮಗಳು ಸೋಮವಾರ ಕೆಲಸಕ್ಕೆ ಸೇರ್ತಾಳೆ. ಕೋಟಿನ ಬಟ್ಟೆ ಅವಳೇ ಆರಿಸಿ ತಂದು ಕೊಟ್ಟಿದಾಳೆ ಮೇಡಂ" ಎಂದಳು ಟೈಲರಕ್ಕ.